ಹಡಗಿಗೆ ಕಟ್ಟುವ ಗಂಟು

ರೈಲು ಪ್ರಯಾಣಕ್ಕೆ ಗಂಟು ಕಟ್ಟುವುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೋಲ್ಡಾಲಿನ ಕಾಲದಿಂದಲೂ ಅದರಲ್ಲಿ ಪಳಗಿದವರು ನಾವು. ಬುತ್ತಿ ಮೇಲೆ, ಹೊದಿಕೆ ಕೈಗೆ ಸಿಗುವಂತೆ, ಟ್ರಂಕು ಸೀಟಿನ ಕೆಳಗೆ, ಅದಕ್ಕೊಂದು ಸರಪಳಿ, ಸರಪಳಿಗೊಂದು ಬೀಗ. ವಿಮಾನದ ಗಂಟು ಕಟ್ಟುವುದನ್ನು ಮನೆಯ ಮಕ್ಕಳು ಪರದೇಶ ಸೇರಿದ ಮೇಲೆ ಕಲಿತೆವು: ತಲೆಗೆ ಇಪ್ಪತ್ತಮೂರು ಕಿಲೋದ ಎರಡು ಸೂಟ್‌ಕೇಸು, ಕೊಕ್ಕೆ ಸಿಕ್ಕಿಸಿ ಎತ್ತಿ ನೋಡುವ ಪುಟ್ಟ ತಕ್ಕಡಿ, ಹೊರಡುವ ಹಿಂದಿನ ರಾತ್ರಿ ಈ ಪೆಟ್ಟಿಗೆಯಿಂದ ಆ ಪೆಟ್ಟಿಗೆಗೆ ಓಡಾಡುವ ಹುಣಸೆಹಣ್ಣಿನ ಪೊಟ್ಟಣ. ಹಡಗಿನ ಗಂಟು ಈ ಎರಡು ಲೆಕ್ಕಕ್ಕೂ ಸಿಗುವುದಿಲ್ಲ. ಅಲ್ಲಿ ತೂಕ ಹಾಕುವವರಿಲ್ಲ, ಕಳ್ಳರ ಭಯವಿಲ್ಲ, ಹೊರುವ ಕಷ್ಟವೂ ಹೆಚ್ಚಿಲ್ಲ. ಹಾಗಾಗಿ ಎಷ್ಟು ಬೇಕಾದರೂ ತುಂಬಿಕೊಳ್ಳಬಹುದು ಅನ್ನಿಸಿಬಿಡುತ್ತದೆ. ತುಂಬಿಕೊಂಡು ಹೋದವರಿಗೆ ಕೋಣೆಯ ಬಾಗಿಲು ತೆಗೆದ ಮೇಲೆ ವಿಷಯ ತಿಳಿಯುತ್ತದೆ.

ನಾನು ಹೇಳುತ್ತಿರುವುದು ಅಲಾಸ್ಕದ ಹಡಗಿನ ಮಾತು. ನಾವಿರುವುದು ಸಿಯಾಟಲ್ ಪಕ್ಕದಲ್ಲಿ. ಇಲ್ಲಿನ 66 ಮತ್ತು 91ನೇ ಪಿಯರುಗಳಿಂದ ಬೇಸಿಗೆಯ ಉದ್ದಕ್ಕೂ ದೊಡ್ಡ ಹಡಗುಗಳು ಉತ್ತರಕ್ಕೆ ಹೊರಡುತ್ತವೆ. ಜೂನೊ, ಸ್ಕ್ಯಾಗ್‌ವೇ, ಕೆಚಿಕನ್ ಊರುಗಳನ್ನು ಮುಟ್ಟಿ, ಹಿಮನದಿ ತೋರಿಸಿ, ಸಾಮಾನ್ಯವಾಗಿ ಏಳು ರಾತ್ರಿ ಕಳೆದು ಮರಳುತ್ತವೆ. ಬೆಂಗಳೂರು, ಮೈಸೂರು, ದಾವಣಗೆರೆಗಳಿಂದ ಅಪ್ಪ ಅಮ್ಮಂದಿರು ಇಲ್ಲಿಗೆ ಬರುವುದೂ ಅದೇ ಬೇಸಿಗೆಯಲ್ಲಿ. ಮೊಣಕಾಲು ನೋವಿರುವವರಿಗೆ, ಸಣ್ಣ ಮಕ್ಕಳಿರುವವರಿಗೆ ಇದಕ್ಕಿಂತ ಒಳ್ಳೆಯ ಪ್ರವಾಸ ನನಗೆ ಗೊತ್ತಿಲ್ಲ. ಜೂನೊ ಊರನ್ನೇ ನೋಡಿ. ಅದು ಅಲಾಸ್ಕದ ರಾಜಧಾನಿ, ಆದರೆ ಹೊರಗಿನಿಂದ ಅಲ್ಲಿಗೆ ರಸ್ತೆಯೇ ಇಲ್ಲ. ವಿಮಾನದಲ್ಲಿ ಇಳಿಯಬೇಕು, ಇಲ್ಲವೇ ನೀರಿನ ಮೇಲೆ ಹೋಗಬೇಕು. ಹಡಗಿನಲ್ಲಾದರೆ ದಿನಕ್ಕೊಂದು ಊರು ನೋಡಿ ಬಂದರೂ ಮಲಗುವುದು ಅದೇ ಮಂಚದ ಮೇಲೆ. ಪೆಟ್ಟಿಗೆ ಬಿಚ್ಚುವುದು ಒಂದು ಸಲ, ಮತ್ತೆ ಕಟ್ಟುವುದು ಒಂದು ಸಲ.

ಕೋಣೆ ಮಾತ್ರ ಚಿಕ್ಕದು. ಮಾಮೂಲಿ ಕೋಣೆಯೆಂದರೆ ಬಚ್ಚಲನ್ನೂ ಸೇರಿಸಿ ಸುಮಾರು 170ರಿಂದ 180 ಚದರ ಅಡಿ. ಅದರಲ್ಲಿ ಎರಡು ಮಂಚ, ಒಂದು ಮೇಜು, ಕಿರಿದಾದ ಒಂದು ಬೀರು. ನಾಲ್ಕು ಜನರ ಕೋಣೆಯಾದರೆ ಇನ್ನೆರಡು ಮಂಚಗಳು ರಾತ್ರಿ ಹೊತ್ತು ಚಾವಣಿಯಿಂದ ಇಳಿಯುತ್ತವೆ. ಆಗ ನೆಲದ ಮೇಲೆ ತೆರೆದ ಸೂಟ್‌ಕೇಸು ಒಂದಿದ್ದರೂ ಯಾರಾದರೂ ಎಡವುವುದು ಖಂಡಿತ. ಪೆಟ್ಟಿಗೆಗಳಿಗೆ ಇರುವ ಜಾಗ ಮಂಚದ ಕೆಳಗೆ. ನಮ್ಮವರು ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ಹಡಗಿನಲ್ಲಿ ಆ ಹಾಸಿಗೆಯ ಕೆಳಗೆ ಹಿಡಿಸುವಷ್ಟೇ ಪೆಟ್ಟಿಗೆ ಒಯ್ಯಬೇಕು. ಗಟ್ಟಿ ಚಿಪ್ಪಿನ ದೊಡ್ಡ ಸೂಟ್‌ಕೇಸಿಗಿಂತ ಅಮುಕಿದರೆ ಅಮುಕಿಸಿಕೊಳ್ಳುವ ಬಟ್ಟೆಯ ಚೀಲ ಇಲ್ಲಿ ಮೇಲು. ಗೋಡೆಗಳು ಉಕ್ಕಿನವಾದ್ದರಿಂದ ಅಯಸ್ಕಾಂತದ ಕೊಕ್ಕೆಗಳು ಅಂಟಿಕೊಳ್ಳುತ್ತವೆ. ಹಿಡಿಯಷ್ಟು ಕೊಕ್ಕೆ ಒಯ್ದರೆ ಟೋಪಿ, ಒದ್ದೆ ಜಾಕೆಟ್ಟು, ಕೈಚೀಲ, ಅಪ್ಪನ ಕನ್ನಡಕದ ಡಬ್ಬಿ ಎಲ್ಲ ಗೋಡೆಗೇರಿ ಮೇಜು ಖಾಲಿಯಾಗುತ್ತದೆ. ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಉಪಕಾರ ಮಾಡುವ ಸಾಮಾನು ಬೇರೆ ಇಲ್ಲ.

ಜಾಗದ ಮಾತು ಹಾಗಿರಲಿ. ಹಡಗಿನ ಗಂಟಿನಲ್ಲಿ ನಿಜವಾಗಿ ಯೋಚಿಸಬೇಕಾದದ್ದು ಹೊತ್ತಿನ ಬಗ್ಗೆ: ಯಾವ ವಸ್ತು ಯಾವಾಗ ಬೇಕು ಅನ್ನುವುದು. ಹಿಂದೆ ಬೊಂಬಾಯಿಯಿಂದ ಇಂಗ್ಲೆಂಡಿಗೆ ವಾರಗಟ್ಟಲೆ ಹಡಗಿನಲ್ಲಿ ಹೋಗುತ್ತಿದ್ದವರಿಗೆ ಇದು ಚೆನ್ನಾಗಿ ತಿಳಿದಿತ್ತು. 1930ರ ದಶಕದಲ್ಲಿ ನಮ್ಮ ವಿ. ಕೃ. ಗೋಕಾಕರು ಆಕ್ಸ್‌ಫರ್ಡಿಗೆ ಓದಲು ಹೋದ ಕಾಲ ಅದು. ಆಗಿನ ಹಡಗು ಕಂಪನಿಗಳು ಪೆಟ್ಟಿಗೆಗಳಿಗೆ ಅಂಟಿಸಲು ಬೇರೆ ಬೇರೆ ಚೀಟಿ ಕೊಡುತ್ತಿದ್ದವು. ಕೋಣೆಗೆ ಹೋಗಬೇಕಾದ್ದು ಒಂದು, ನಡುವೆ ಬೇಕೆನಿಸಿದಾಗ ತೆಗೆದುಕೊಡಬೇಕಾದ್ದು ಇನ್ನೊಂದು, ಪ್ರಯಾಣ ಮುಗಿಯುವವರೆಗೆ ಬೇಡವೇ ಬೇಡ ಅನ್ನುವುದು ಮತ್ತೊಂದು. ಕೊನೆಯ ಬಗೆಯವು ನೇರವಾಗಿ ಹಡಗಿನ ಹೊಟ್ಟೆಗೆ ಇಳಿಯುತ್ತಿದ್ದವು. ಕೋಣೆಗೆಂದು ಒಯ್ಯುವ ಟ್ರಂಕನ್ನು ಮಂಚದಡಿ ತೂರುವಂತೆ ತಗ್ಗಾಗಿಯೇ ಮಾಡುತ್ತಿದ್ದರು. ಇಂದು ಆ ಚೀಟಿಗಳಿಲ್ಲ, ಆದರೆ ಅವುಗಳ ಹಿಂದಿದ್ದ ಬುದ್ಧಿ ಈಗಲೂ ಬೇಕು. ಮನೆಯಲ್ಲಿ ಗಂಟು ಕಟ್ಟುವಾಗ ನಾನು ಯಾರಿಗೆ ಎಷ್ಟು ಬಟ್ಟೆ ಅನ್ನುವುದರಿಂದ ಶುರುಮಾಡುವುದಿಲ್ಲ. ಹತ್ತಿದ ದಿನ ಏನು ಬೇಕು, ಹಿಮನದಿಯ ದಿನ ಏನು ಬೇಕು, ಇಳಿಯುವ ಬೆಳಗ್ಗೆ ಏನು ಬೇಕು ಎಂದು ಕೇಳಿಕೊಳ್ಳುತ್ತೇನೆ. ನಡುವಿನದ್ದು ತಾನಾಗಿ ಹೊಂದಿಕೊಳ್ಳುತ್ತದೆ.

ಹತ್ತಿದ ದಿನದ ವಿಷಯ ಹೀಗಿದೆ. ಪಿಯರಿನ ಬಾಗಿಲಲ್ಲೇ ದೊಡ್ಡ ಪೆಟ್ಟಿಗೆಗಳನ್ನು ಪೋರ್ಟರುಗಳು ತೆಗೆದುಕೊಳ್ಳುತ್ತಾರೆ. ಕೋಣೆಯ ಸಂಖ್ಯೆ ಬರೆದ ಚೀಟಿಯನ್ನು ಮನೆಯಲ್ಲೇ ಅಚ್ಚುಹಾಕಿ, ಹಿಡಿಕೆಗೆ ಸುತ್ತಿ, ಸ್ಟೇಪಲ್ ಹೊಡೆದು ತಂದಿರಬೇಕು. ಆ ಪೆಟ್ಟಿಗೆ ಎಕ್ಸ್‌ರೇ ದಾಟಿ ಸಾವಿರಾರು ಪೆಟ್ಟಿಗೆಗಳ ನಡುವೆ ನಮ್ಮ ಕೋಣೆಯ ಬಾಗಿಲಿಗೆ ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿರುತ್ತದೆ, ಕೆಲವೊಮ್ಮೆ ರಾತ್ರಿ ಊಟವೂ ಮುಗಿದಿರುತ್ತದೆ. ಅಲ್ಲಿಯವರೆಗೆ ನಮ್ಮ ಬಳಿ ಇರುವುದು ಕೈಚೀಲ ಮಾತ್ರ. ಮೊದಲ ಮಧ್ಯಾಹ್ನವೇ ಹಡಗಿನ ಈಜುಕೊಳ ಖಾಲಿ ಇರುವುದು, ಏಕೆಂದರೆ ಎಲ್ಲರ ಈಜುಡುಗೆಯೂ ಪೆಟ್ಟಿಗೆಯಲ್ಲಿ ಎಲ್ಲೋ ಕೆಳ ಅಂತಸ್ತಿನಲ್ಲಿರುತ್ತದೆ. ಕೊಳದ ನೀರು ಬೆಚ್ಚಗಿರುತ್ತದೆ, ಹಡಗು ಇನ್ನೂ ಕಟ್ಟೆಯಲ್ಲೇ ನಿಂತಿರುತ್ತದೆ, ಊರು ಎದುರಿಗೆ ಕಾಣುತ್ತಿರುತ್ತದೆ. ಮಕ್ಕಳ ಈಜುಡುಗೆಯನ್ನು ಕೈಚೀಲದ ಮೇಲ್ಭಾಗದಲ್ಲಿಟ್ಟ ತಾಯಿಗೆ ಆ ಮಧ್ಯಾಹ್ನ ಮಕ್ಕಳು ಕೊಡುವ ಮುತ್ತು ಪ್ರವಾಸದ ಮೊದಲ ಸುಖ.

ಅದೇ ಕೈಚೀಲದಲ್ಲಿ ಕಾಗದಪತ್ರಗಳು. ಇಲ್ಲಿ ನಮ್ಮ ಊರಿನಿಂದ ಬರುವ ಹಿರಿಯರ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಅಲಾಸ್ಕ ಅಮೆರಿಕದ ರಾಜ್ಯ, ಸಿಯಾಟಲ್ಲೂ ಅಮೆರಿಕದ ಊರು, ಆದ್ದರಿಂದ ಅಮೆರಿಕದ ವೀಸಾ ಸಾಕು ಎಂದು ಎಷ್ಟೋ ಮನೆಗಳಲ್ಲಿ ತಿಳಿದುಕೊಂಡಿರುತ್ತಾರೆ. ಸಾಲದು. ದೊಡ್ಡ ಪ್ರವಾಸಿ ಹಡಗುಗಳು ಹೆಚ್ಚಿನವು ಬಹಾಮಾಸ್, ಪನಾಮ, ಬರ್ಮುಡಾ ಮುಂತಾದ ದೇಶಗಳ ಬಾವುಟ ಹಾರಿಸುವಂಥವು. ಅಂಥ ಹಡಗು ಅಮೆರಿಕದ ಬಂದರಿನಿಂದ ಹೊರಟು ಸುತ್ತಿ ಅದೇ ಬಂದರಿಗೆ ಮರಳುವುದಾದರೆ ನಡುವೆ ಪರದೇಶದ ಬಂದರೊಂದನ್ನು ಮುಟ್ಟಲೇಬೇಕೆಂದು 1886ರ ಕಾನೂನಿನ ಕಟ್ಟು. ಅದಕ್ಕೇ ಸಿಯಾಟಲ್ಲಿನ ಹಡಗುಗಳು ಕೆನಡಾದ ವಿಕ್ಟೋರಿಯಾದಲ್ಲಿ ಕೆಲವು ಗಂಟೆ ನಿಲ್ಲುತ್ತವೆ. ಭಾರತದ ಪಾಸ್‌ಪೋರ್ಟಿನವರಿಗೆ ಕೆನಡಾದ ವೀಸಾ ಬೇಕು, ಅಮೆರಿಕಕ್ಕೆ ಮರಳಿ ಬರಲು ಅನುಮತಿಸುವ ವೀಸಾವೂ ಬೇಕು. ವಿಕ್ಟೋರಿಯಾದಲ್ಲಿ ನಾವು ಇಳಿಯುವುದೇ ಇಲ್ಲ ಅಂದರೂ ಕೇಳುವುದಿಲ್ಲ. ಹಡಗಿನ ಟಿಕೆಟ್ಟಿಗಿಂತ ಮೊದಲು ಈ ವೀಸಾದ ಅರ್ಜಿ ಹೋಗಬೇಕು. ಪಿಯರಿನಲ್ಲಿ ವಯಸ್ಸಾದ ದಂಪತಿಗಳು ಹೊಸ ಸ್ವೆಟರು ತೊಟ್ಟು ಬಂದು, ಮಗನ ಮುಖ ನೋಡುತ್ತಾ ಪಕ್ಕಕ್ಕೆ ನಿಂತಿದ್ದನ್ನು ಕಂಡಿದ್ದೇನೆ. ಅಂಥ ಸಂಕಟ ಯಾವ ಅಪ್ಪ ಅಮ್ಮನಿಗೂ ಬೇಡ.

ಕಾಗದದ ನಂತರ ಮಾತ್ರೆ. ನನ್ನ ಅಪ್ಪನ ಮಾತ್ರೆ ಡಬ್ಬಿಯಲ್ಲಿ ವಾರದ ಏಳು ಸಾಲು, ಸಾಲಿಗೆ ಮೂರು ಗೂಡು. ಪ್ರತಿ ಭಾನುವಾರ ಅಪ್ಪ ಕನ್ನಡಕ ಹಣೆಗೇರಿಸಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದು ಮಾತ್ರೆಯ ಹೆಸರು ಹೇಳುತ್ತಾ ತುಂಬುತ್ತಾರೆ. ಬಿ.ಪಿ.ಯದು ಬೆಳಗ್ಗೆ, ಸಕ್ಕರೆಯದು ಊಟಕ್ಕೆ ಮುಂಚೆ, ಕೊಲೆಸ್ಟೆರಾಲಿನದು ರಾತ್ರಿ. ಪ್ರಯಾಣಕ್ಕೆ ಈ ಡಬ್ಬಿಯೊಂದೇ ಸಾಲದು. ಮಾತ್ರೆಯ ಹೆಸರು ಕಾಣುವ ಪಟ್ಟಿಗಳೂ ಜೊತೆಗಿರಬೇಕು, ಹೆಚ್ಚಿಗೆ ಕೆಲವು ದಿನದ್ದೂ ಇರಬೇಕು, ಮಾತ್ರೆಯ ಮೂಲ ಹೆಸರು ಮತ್ತು ಪ್ರಮಾಣ ಬರೆದ ಚೀಟಿಯೊಂದು ಪಾಸ್‌ಪೋರ್ಟಿನೊಳಗೆ, ಅದರದೇ ನಕಲು ನಮ್ಮ ಹತ್ತಿರ. ನಮ್ಮಲ್ಲಿ ಕೊಡುವ ಮಾತ್ರೆಯ ವ್ಯಾಪಾರದ ಹೆಸರು ಹಡಗಿನ ವೈದ್ಯರಿಗೆ ಗೊತ್ತಿರುವುದಿಲ್ಲ, ಮೂಲ ಹೆಸರಾದರೆ ಯಾವ ದೇಶದವರಿಗೂ ಗೊತ್ತು. ಇನ್ಸುಲಿನ್ ತೆಗೆದುಕೊಳ್ಳುವವರು ಕೋಣೆ ಸೇರುವವರೆಗೆ ಅದನ್ನು ಕೈಚೀಲದಿಂದ ಅತ್ತಿತ್ತ ಸರಿಸಲೇಬಾರದು. ಕೋಣೆಯ ಪುಟ್ಟ ಫ್ರಿಜ್ಜು ಸಾಕಷ್ಟು ತಣ್ಣಗಿರುತ್ತದೆಂದು ನಂಬಿ ಕೂರದೆ ಔಷಧಿಗೆಂದೇ ಬೇರೆ ಫ್ರಿಜ್ಜು ಬೇಕೆಂದು ಮುಂಚೆಯೇ ಕೇಳಿಕೊಳ್ಳುವುದು ಒಳ್ಳೆಯದು. ವಾಂತಿಯ ಮಾತ್ರೆಯೂ ಈ ಚೀಲದಲ್ಲೇ. ಅಲಾಸ್ಕದ ದಾರಿ ಬಹುಪಾಲು ದ್ವೀಪಗಳ ನಡುವಿನ ಶಾಂತ ನೀರು, ಆದರೆ ಸಿಯಾಟಲ್ಲಿನಿಂದ ಹೊರಟ ಹಡಗುಗಳಲ್ಲಿ ಹಲವು ಮೊದಲು ವ್ಯಾಂಕೂವರ್ ದ್ವೀಪದ ಹೊರಮಗ್ಗುಲಲ್ಲಿ, ಬಯಲು ಕಡಲಿನಲ್ಲಿ ಹೋಗುತ್ತವೆ. ಹೊಯ್ದಾಟ ಇದ್ದರೆ ಅಲ್ಲಿ.

ಬಟ್ಟೆಯ ವಿಷಯದಲ್ಲಿ ಅಲಾಸ್ಕ ಕೇಳುವುದು ಒಂದನ್ನೇ: ಈರುಳ್ಳಿಯ ಹಾಗೆ ಪದರ ಪದರವಾಗಿ ಉಡಬೇಕು. ಜುಲೈನಲ್ಲಿ ಜೂನೊದ ಹಗಲು ಹದಿನೇಳು ಹದಿನೆಂಟು ಡಿಗ್ರಿ, ಬಿಸಿಲು ಬಿದ್ದರೆ ಅಂಗಿಯಲ್ಲೇ ಓಡಾಡಬಹುದು. ಅದೇ ಹಡಗು ಹಿಮನದಿಯ ಮುಂದೆ ನಿಂತಾಗ ಗಾಳಿ ಕಿವಿ ಕೊರೆಯುತ್ತದೆ. ಹಾಗೆಂದು ದಪ್ಪ ಕೋಟು ಒಯ್ದರೆ ಅರ್ಧ ಪೆಟ್ಟಿಗೆ ಅದಕ್ಕೇ ಆಯಿತು. ಮೈಗಂಟುವ ಥರ್ಮಲ್ಲು, ಅದರ ಮೇಲೆ ಉಣ್ಣೆಯದೊಂದು, ಎಲ್ಲಕ್ಕೂ ಮೇಲೆ ನೀರು ಇಳಿಯದ ತೆಳು ಜಾಕೆಟ್ಟು; ಈ ಮೂರರಲ್ಲಿ ಅಲಾಸ್ಕದ ಬೇಸಿಗೆ ಮುಗಿಯುತ್ತದೆ. ಜಾಕೆಟ್ಟಿನ ವಿಷಯದಲ್ಲಿ ಜಿಪುಣತನ ಬೇಡ. ಕೆಚಿಕನ್ನಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮೇಲೆ ಮಳೆ, ನಮ್ಮ ಆಗುಂಬೆಯದರ ಹೆಚ್ಚುಕಡಿಮೆ ಅರ್ಧ. ಮಲೆನಾಡಿನವರಿಗೆ ಆ ಜಿಟಿಜಿಟಿ ಹೊಸದೇನಲ್ಲ, ಆದರೆ ಗಾಳಿಗೆ ಕೊಡೆ ನಿಲ್ಲುವುದಿಲ್ಲ. ಕೊಡೆ ಮನೆಯಲ್ಲೇ ಇರಲಿ. ಜೀನ್ಸು ಕೂಡ, ಅದು ನೆನೆದರೆ ಎರಡು ದಿನ ಒಣಗುವುದಿಲ್ಲ. ಬಚ್ಚಲಿನಲ್ಲಿ ಎಳೆದು ಕಟ್ಟುವ ದಾರವೊಂದು ಇರುತ್ತದೆ, ರಾತ್ರಿ ಹಿಂಡಿ ಹಾಕಿದರೆ ಬೆಳಗ್ಗೆಗೆ ಒಣಗುವಂಥ ಬಟ್ಟೆಯಾದರೆ ವಾರಕ್ಕೆ ಮೂರು ಜೊತೆ ಧಾರಾಳ. ಟವೆಲ್ಲು ಅವರೇ ಕೊಡುತ್ತಾರೆ. ಬೂಟು ಎಲ್ಲಕ್ಕಿಂತ ದೊಡ್ಡ ಜಾಗಗಳ್ಳ. ದಪ್ಪನೆಯದನ್ನು ಕಾಲಿಗೆ ಹಾಕಿಕೊಂಡೇ ಹೊರಡಬೇಕು, ಇನ್ನೊಂದು ಜೊತೆಯ ಹೊಟ್ಟೆಯಲ್ಲಿ ಕಾಲುಚೀಲ ತುರುಕಬೇಕು.

ಮನೆಮಂದಿ ಹೊರಟಾಗ ಒಬ್ಬೊಬ್ಬರ ಬಟ್ಟೆ ಒಂದೊಂದು ಪೆಟ್ಟಿಗೆಯಲ್ಲಿ ಅನ್ನುವ ಪದ್ಧತಿ ಸರಿಯಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಒಂದು ಪೆಟ್ಟಿಗೆ ತಡವಾಗಿ ಬಂದರೆ, ಅಥವಾ ಬರದೇ ಹೋದರೆ, ಅದರ ಒಡೆಯರು ಉಟ್ಟಬಟ್ಟೆಯಲ್ಲೇ ನಿಲ್ಲಬೇಕಾಗುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಬಟ್ಟೆಯ ಚೀಲಗಳನ್ನಿಟ್ಟು, ಅವುಗಳಲ್ಲಿ ಅರ್ಧ ಈ ಪೆಟ್ಟಿಗೆಗೆ, ಅರ್ಧ ಆ ಪೆಟ್ಟಿಗೆಗೆ ಹಂಚುವುದು ಜಾಣತನ. ಕೋಣೆಗೆ ಬಂದ ಮೇಲೆ ಮಗಳ ಹಳದಿ ಚೀಲ ಮಗಳ ಖಾನೆಗೆ, ಮಗನ ನೀಲಿ ಚೀಲ ಮಗನ ಖಾನೆಗೆ ಹಾಗ್ಹಾಗೇ ಹೋಗುತ್ತದೆ. ಹತ್ತು ನಿಮಿಷದ ಕೆಲಸ. ಖಾಲಿ ಪೆಟ್ಟಿಗೆಗಳನ್ನು ಮಂಚದ ಕೆಳಗೆ ತಳ್ಳಿ ಅವುಗಳನ್ನು ಮರೆತುಬಿಡಬಹುದು.

ಗಂಟು ಕಟ್ಟುವವರ ಲೆಕ್ಕದಲ್ಲಿ ಸೀರೆಯಷ್ಟು ಒಳ್ಳೆಯ ಉಡುಪು ಇನ್ನೊಂದಿಲ್ಲ. ವಾರದ ಪ್ರಯಾಣದಲ್ಲಿ ಒಂದೆರಡು ರಾತ್ರಿ ಊಟಕ್ಕೆ ಎಲ್ಲರೂ ಚೆನ್ನಾಗಿ ಉಟ್ಟುತೊಟ್ಟು ಬರುವ ಪದ್ಧತಿ ಹಲವು ಹಡಗುಗಳಲ್ಲಿದೆ. ಬೇರೆಯವರು ಅದಕ್ಕೆಂದು ಉದ್ದನೆಯ ಗೌನು, ಕೋಟು, ಅದಕ್ಕೊಪ್ಪುವ ಬೂಟು ಹೊತ್ತು ತರುತ್ತಾರೆ. ಅಮ್ಮ ತಂದದ್ದು ಒಂದು ಮೈಸೂರು ಸಿಲ್ಕ್. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಕಾರ್ಖಾನೆಯ ಕ್ರೇಪ್ ರೇಷ್ಮೆ ಅದು. ಮಡಿಚಿದರೆ ಅಂಗೈ ಅಗಲ, ಬಿಡಿಸಿ ಒಮ್ಮೆ ಕೊಡವಿದರೆ ಸುಕ್ಕು ಮಾಯ. ಅಮ್ಮ ಅದನ್ನು ಕಟ್ಟುವ ಬಗೆಯನ್ನು ನಾನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಸೀರೆಯನ್ನು ಜರಿ ಒಳಗಾಗುವಂತೆ ಉದ್ದಕ್ಕೆ ಮಡಿಸುತ್ತಾಳೆ, ನಡುವೆ ರವಿಕೆ ಇಡುತ್ತಾಳೆ, ಲಂಗವನ್ನು ಮೇಲಿಟ್ಟು ಒಟ್ಟಿಗೆ ಸುರುಳಿ ಸುತ್ತುತ್ತಾಳೆ, ಕೊನೆಗೆ ಅಪ್ಪನ ಹಳೆಯ ಪಂಚೆಯ ತುಂಡಿನಲ್ಲಿ ಕಟ್ಟಿ ಪಿನ್ನುಗಳನ್ನು ಆ ಬಟ್ಟೆಗೇ ಚುಚ್ಚುತ್ತಾಳೆ. ಉಡುವ ಹೊತ್ತಿಗೆ ಒಂದು ಗಂಟು ಬಿಚ್ಚಿದರೆ ಎಲ್ಲವೂ ಅಲ್ಲೇ ಇರುತ್ತದೆ. ಥರ್ಮಲ್ಲಿನ ಮೇಲೆ ಸೀರೆ ಉಟ್ಟು, ಮೇಲೆ ಸ್ವೆಟರು ಹಾಕಿ, ಕಾಲುಚೀಲ ಬೂಟು ಸಮೇತ ಡೆಕ್ಕಿನಲ್ಲಿ ನಿಂತು ತಿಮಿಂಗಿಲ ಹುಡುಕುವ ನಮ್ಮ ಅಮ್ಮಂದಿರು ಅಲಾಸ್ಕದಲ್ಲಿ ಈಗ ಅಪರೂಪವಲ್ಲ. ಅವರನ್ನು ನೋಡಿದರೆ ನನಗೆ ಹೆಮ್ಮೆ.

ಸಿಯಾಟಲ್ ಊರು ದೊಡ್ಡದಾದದ್ದರಲ್ಲೇ ಗಂಟುಮೂಟೆಯ ಪಾಲು ಬಹಳವಿದೆ. 1896ರಲ್ಲಿ ಕೆನಡಾದ ಕ್ಲೊಂಡೈಕ್ ಸೀಮೆಯ ತೊರೆಯೊಂದರಲ್ಲಿ ಚಿನ್ನ ಸಿಕ್ಕಿತು. 1897ರ ಜುಲೈ 17ರಂದು ‘ಪೋರ್ಟ್‌ಲ್ಯಾಂಡ್’ ಎಂಬ ಹಡಗು ಟನ್ನಿಗೂ ಮೇಲೆ ಚಿನ್ನ ಹೊತ್ತು ಸಿಯಾಟಲ್ ಮುಟ್ಟಿದ್ದೇ ತಡ, ಸುಮಾರು ಒಂದು ಲಕ್ಷ ಜನ ಉತ್ತರಕ್ಕೆ ಹೊರಟರು. ಗಡಿಯ ಕಣಿವೆಗಳಲ್ಲಿ ಕೆನಡಾದ ಪೊಲೀಸರು ಕಾದು ನಿಂತಿದ್ದರು. ಒಂದು ವರ್ಷಕ್ಕಾಗುವಷ್ಟು ಆಹಾರ ಇಲ್ಲದವನಿಗೆ ಒಳಗೆ ಪ್ರವೇಶವಿಲ್ಲ ಎಂದು ಅವರ ಕಟ್ಟಪ್ಪಣೆ. ಆಹಾರ, ಗುಡಾರ, ಸಲಿಕೆ, ಒಲೆ ಎಲ್ಲ ಸೇರಿ ತಲೆಗೊಂದು ಟನ್ ಸಾಮಾನು. ಮೈದಾ ಹಿಟ್ಟೇ 400 ಪೌಂಡು, ಒಣ ಬೀನ್ಸು ನೂರು ಪೌಂಡಿನಷ್ಟು. ಆ ಸಾಮಾನು ಒದಗಿಸಿಯೇ ಸಿಯಾಟಲ್ಲಿನ ಅಂಗಡಿಕಾರರು ಸಿರಿವಂತರಾದರು. ಪಯನಿಯರ್ ಸ್ಕ್ವೇರಿನಲ್ಲಿ ಈಗ ಆ ಕಥೆ ಹೇಳುವ ರಾಷ್ಟ್ರೀಯ ಉದ್ಯಾನದ ಮ್ಯೂಸಿಯಂ ಇದೆ, ಒಳಗೆ ಹೋಗಲು ದುಡ್ಡು ಕೊಡಬೇಕಾಗಿಲ್ಲ. ಹಡಗು ಹತ್ತುವ ಮುನ್ನ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬೇಕು.

ಆ ಒಂದು ಟನ್ನನ್ನು ಹೊರುವವರು ಯಾರು? ಗಡಿಯ ಆ ಕಣಿವೆಗಳಲ್ಲೊಂದಾದ ಚಿಲ್ಕೂಟ್ ಕಣಿವೆಯ ನೆತ್ತಿ ಸುಮಾರು 3,500 ಅಡಿ ಎತ್ತರ. ಚಳಿಗಾಲದಲ್ಲಿ ಕೊನೆಯ ಏರಿನ ಮಂಜುಗಡ್ಡೆಯಲ್ಲಿ ಸುಮಾರು ಸಾವಿರದೈನೂರು ಮೆಟ್ಟಿಲು ಕಡಿದಿದ್ದರು. ಒಬ್ಬರ ಹಿಂದೊಬ್ಬರು, ಬೆನ್ನಿನ ಮೇಲೆ ಐವತ್ತು ಅರವತ್ತು ಪೌಂಡು, ಸಾಲು ಬಿಟ್ಟರೆ ಮತ್ತೆ ಸೇರಲು ಗಂಟೆಗಟ್ಟಲೆ ಕಾಯಬೇಕು. ಮೇಲೆ ಇಳಿಸಿ, ಮಂಜಿನ ಮೇಲೆ ಜಾರಿಕೊಂಡು ಕೆಳಗೆ ಬಂದು, ಮತ್ತೊಂದು ಮೂಟೆ. ಹೀಗೆ ಇಪ್ಪತ್ತು, ಮೂವತ್ತು, ನಲವತ್ತು ಸಲ. ಆ ದಾರಿ ಮೊದಲಿನಿಂದ ಅಲ್ಲಿನ ಮೂಲನಿವಾಸಿ ಟ್ಲಿಂಗಿಟ್ ಜನರ ವ್ಯಾಪಾರದ ದಾರಿ. ಅವರಲ್ಲೇ ಹಲವರು ಕೂಲಿಗೆ ಮೂಟೆ ಹೊತ್ತರು. ಪಕ್ಕದ ವೈಟ್ ಪಾಸ್ ದಾರಿಯಲ್ಲಿ ಹೊರೆ ಹೊತ್ತ ಕುದುರೆಗಳು ಸುಮಾರು ಮೂರು ಸಾವಿರ ಸತ್ತವು. ಆ ದಾರಿಯಲ್ಲಿ 1898ರಲ್ಲಿ ಶುರುಮಾಡಿ 1900ಕ್ಕೆ ಮುಗಿಸಿದ ಪುಟ್ಟ ರೈಲಿನಲ್ಲಿ ಕೂತು ನಾವಿಂದು ಸ್ಕ್ಯಾಗ್‌ವೇಯಿಂದ ಮೇಲೇರಿ ಫೋಟೋ ತೆಗೆದುಕೊಳ್ಳುತ್ತೇವೆ. ಕಣಿವೆಯ ಆಳಕ್ಕೆ ನೋಡುವಾಗ ಆ ಕುದುರೆಗಳ ನೆನಪಾಗಿ ನನ್ನ ಗಂಟಲು ಕಟ್ಟುತ್ತದೆ. ಬೇಕಾದದ್ದು ಯಾವುದು, ಬೇಡದ್ದು ಯಾವುದು ಎಂದು ಬೆನ್ನಿನಿಂದಲೇ ಕಲಿತ ಜನ ಆ ಚಿನ್ನಕ್ಕೆ ಹೊರಟವರು. ಹಲವರು ದಾರಿಯಲ್ಲೇ ಸಾಮಾನು ಬಿಟ್ಟರು, ಹಿಂದಿರುಗಿದರು. ಹೊರಟವರಲ್ಲಿ ಅರ್ಧದಷ್ಟೂ ಜನ ಚಿನ್ನದ ಸೀಮೆ ಮುಟ್ಟಲಿಲ್ಲ.

ಆಹಾರದ ವಿಷಯದಲ್ಲಿ ನಮ್ಮವರಿಗೂ ಆ ಪೊಲೀಸರಿಗೂ ಒಂದೇ ಭಯ, ದಾರಿಯಲ್ಲಿ ಹಸಿದರೆ ಅನ್ನುವುದು. ಹಡಗಿನಲ್ಲಿ ಆ ಭಯ ಬೇಡ. ಊಟ ಬೇಕಾದಷ್ಟಿದೆ. ನಮ್ಮ ಕಡೆಯ ಸಸ್ಯಾಹಾರ ಬೇಕೆಂದು ಮುಂಚೆ ತಿಳಿಸಿ, ಪ್ರತಿ ರಾತ್ರಿ ಮಾಣಿಯ ಹತ್ತಿರ ನಾಳೆಯದನ್ನು ಹೇಳಿಬಿಟ್ಟರೆ ಅನ್ನ, ಬೇಳೆ, ಪಲ್ಯ ಮೇಜಿಗೆ ಬರುತ್ತದೆ. ಎಷ್ಟೋ ಹಡಗುಗಳ ಅಡುಗೆಮನೆಯಲ್ಲಿ ಗೋವಾದವರು, ಮುಂಬಯಿಯವರು ಇರುತ್ತಾರೆ. ಮೊಸರು ಬೆಳಗಿನ ತಿಂಡಿಯ ಹೊತ್ತಿಗೆ ಸಿಗುತ್ತದೆ. ಮನೆಯಲ್ಲಿ ಮಾಡಿದ ತಿಂಡಿಯನ್ನು ಹೆಚ್ಚಿನ ಹಡಗುಗಳು ಒಳಗೆ ಬಿಡುವುದಿಲ್ಲ. ಅಂಗಡಿಯಿಂದ ತಂದ, ಸೀಲು ಒಡೆಯದ ಪೊಟ್ಟಣವಾದರೆ ಅಡ್ಡಿಯಿಲ್ಲ. ಆದ್ದರಿಂದ ಚಟ್ನಿಪುಡಿ, ಉಪ್ಪಿನಕಾಯಿ, ಶುಂಠಿ ಪೆಪ್ಪರಮಿಂಟು ಇವನ್ನು ಪೊಟ್ಟಣದಲ್ಲೇ ಒಯ್ಯಬೇಕು. ಕರಾವಳಿಯ ಊರುಗಳಲ್ಲಿ ಇಳಿಯುವಾಗ ಹಡಗಿನ ಹಣ್ಣನ್ನು ಚೀಲದಲ್ಲಿ ಹಾಕಿಕೊಂಡು ಹೋಗುವಂತಿಲ್ಲ ಅನ್ನುವುದೂ ನೆನಪಿರಲಿ.

ಕರೆಂಟಿನ ಸಾಮಾನುಗಳಿಗೆ ಕಟ್ಟುನಿಟ್ಟಿನ ತಡೆ. ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್, ಪುಟ್ಟ ರೈಸ್ ಕುಕ್ಕರ್, ಮೇಣದಬತ್ತಿ, ಊದುಬತ್ತಿ, ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡು ಯಾವುದೂ ಬೇಡ. ನಡುಗಡಲಿನಲ್ಲಿ ಬೆಂಕಿ ಬಿದ್ದರೆ ಸಾವಿರಾರು ಜನಕ್ಕೆ ಓಡಲು ಜಾಗವಿಲ್ಲ. ಆ ನಿಯಮವನ್ನು ಗೌರವದಿಂದ ಪಾಲಿಸಬೇಕು. ಎಕ್ಸ್‌ರೇಯಲ್ಲಿ ಇಂಥದ್ದು ಕಂಡರೆ ಪೆಟ್ಟಿಗೆಯನ್ನು ತಡೆದಿಟ್ಟು ನಮ್ಮನ್ನೇ ಕರೆಸುತ್ತಾರೆ. ಹಡಗಿನಲ್ಲಿ ನಮ್ಮ ಕೋಣೆಯ ಸಾಲಿನಲ್ಲೇ ಇದ್ದ ದಾವಣಗೆರೆಯ ಹಿರಿಯರ ಪೆಟ್ಟಿಗೆ ಹೀಗೇ ಒಂದು ಕಾಯಿಲ್ ದೆಸೆಯಿಂದ ರಾತ್ರಿ ಹತ್ತರವರೆಗೆ ಬರಲಿಲ್ಲ. ಅವರ ರಾತ್ರಿಯ ಮಾತ್ರೆ ಅದರೊಳಗಿತ್ತು. “ಏನಮ್ಮ, ಬಿಸಿನೀರಿಗೆ ಅಂತ ಇಟ್ಕೊಂಡಿದ್ದು” ಎಂದು ಅವರು ನನ್ನ ಹತ್ತಿರ ಮೆಲ್ಲಗೆ ಹೇಳಿದಾಗ ನನಗೆ ಬಹಳ ಕನಿಕರವಾಯಿತು. ಬಿಸಿನೀರು ಊಟದ ಅಂತಸ್ತಿನಲ್ಲಿ ಯಾವಾಗಲೂ ಸಿಗುತ್ತದೆ. ಒಂದು ಫ್ಲಾಸ್ಕ್ ಸಾಕಿತ್ತು. ಇದನ್ನು ಅವರಿಗೆ ಮೊದಲೇ ಯಾರಾದರೂ ಹೇಳಬೇಕಿತ್ತು.

ಇಲ್ಲಿಯವರೆಗೆ ಬೇಡ ಬೇಡ ಎಂದೇ ಹೇಳಿದೆ. ಬೇಕು ಅನ್ನುವುದೂ ಇದೆ. ಗಂಟು ಹಗುರ ಮಾಡುವ ಹುರುಪಿನಲ್ಲಿ ನಾವು ಮೊದಲು ಕೈ ಹಾಕುವುದು ಹಿರಿಯರ ಸಾಮಾನಿಗೆ. ಇದು ಯಾಕೆ, ಅದು ಯಾಕೆ ಎಂದು ಪೆಟ್ಟಿಗೆಯಿಂದ ತೆಗೆದು ಹೊರಗಿಡುತ್ತೇವೆ. “ಅದೊಂದು ಇರಲಿ ಬಿಡೆ, ಏನು ಭಾರ ಅದು” ಎಂದು ಅಮ್ಮ ಹೇಳಿದಾಗ ನಾನು ಎದುರು ಮಾತಾಡುವುದಿಲ್ಲ. ಅಂಗೈಯಷ್ಟು ಬೆಳ್ಳಿಯ ಗಣಪತಿ, ಕುಂಕುಮದ ಭರಣಿ, ಅಪ್ಪನ ಪಂಚೆ, ಕಾಫಿ ಕುಡಿಯುವ ಅವರ ಸ್ಟೀಲ್ ಲೋಟ. ಬಚ್ಚಲಿಗೊಂದು ಪ್ಲಾಸ್ಟಿಕ್ ಚೊಂಬು. ಅಲ್ಲಿ ಕಾಗದ ಬಿಟ್ಟರೆ ಬೇರೆ ಏರ್ಪಾಡಿರುವುದಿಲ್ಲ, ಎಪ್ಪತ್ತು ದಾಟಿದವರಿಗೆ ಏಳು ದಿನ ಅದರ ಮುಜುಗರ ಯಾಕೆ? ಆ ಚೊಂಬಿನೊಳಗೇ ಸೋಪು, ಬ್ರಶ್ಶು, ಎಣ್ಣೆಯ ಶೀಷೆ ಹಿಡಿಸುತ್ತದೆ, ಹಾಗಾಗಿ ಜಾಗವೂ ಹೋಗುವುದಿಲ್ಲ. ದೀಪ ಹಚ್ಚುವಂತಿಲ್ಲವೆಂದು ಅಮ್ಮನಿಗೆ ಮೊದಲೇ ಹೇಳಿದ್ದೆ. ಮೇಜಿನ ಮೂಲೆಯಲ್ಲಿ ಗಣಪತಿಯನ್ನಿಟ್ಟು, ಕುಂಕುಮ ಹಚ್ಚಿ, ಕಿಟಕಿಯಾಚೆ ಕಾಣುವ ಬೆಳಕಿಗೇ ಕೈ ಮುಗಿದಳು. ಅಪ್ಪ ಸ್ಟೀಲ್ ಲೋಟದಲ್ಲಿ ಕಾಫಿ ತುಂಬಿಸಿಕೊಂಡು ಬಂದು ಪಂಚೆಯುಟ್ಟು ಕೂತರು. ಆಮೇಲೆ ಆ ಉಕ್ಕಿನ ಕೋಣೆ ನಮ್ಮ ಮನೆಯಾಯಿತು. ಬಟ್ಟೆಯಲ್ಲಿ ಎಷ್ಟು ಬೇಕಾದರೂ ಕಡಿಮೆ ಮಾಡಿ. ಹಿರಿಯರ ಈ ನಾಲ್ಕಾರು ಸಾಮಾನಿಗೆ ಕತ್ತರಿ ಹಾಕಬೇಡಿ.

ಹಿಮನದಿ ನೋಡುವ ಗ್ಲೇಸಿಯರ್ ಬೇ ದಿನದ ಬಗ್ಗೆ ಒಂದು ಮಾತು. ರಾಷ್ಟ್ರೀಯ ಉದ್ಯಾನವಾದ ಆ ಕೊಲ್ಲಿಗೆ ದಿನಕ್ಕೆ ಎರಡು ಪ್ರವಾಸಿ ಹಡಗುಗಳಿಗಷ್ಟೇ ಅನುಮತಿ. ಅಲ್ಲಿ ಯಾರೂ ಇಳಿಯುವುದಿಲ್ಲ, ಉದ್ಯಾನದ ರೇಂಜರುಗಳೇ ಹಡಗಿಗೆ ಬಂದು ವಿವರಿಸುತ್ತಾರೆ. ಎಲ್ಲರೂ ಡೆಕ್ಕಿನ ಮೇಲೆ ಗಂಟೆಗಟ್ಟಲೆ ನಿಲ್ಲುವ ದಿನ ಅದು. ಟೋಪಿ, ಕೈಗವಸು, ದುರ್ಬೀನು ಹಿಂದಿನ ರಾತ್ರಿಯೇ ಗೋಡೆಯ ಕೊಕ್ಕೆಯಲ್ಲಿ ತೂಗುತ್ತಿರಬೇಕು. ಮಂಜಿನ ಗೋಡೆ ಬಿರಿದು ನೀರಿಗೆ ಬೀಳುವ ಹೊತ್ತಿಗೆ ಕೈಗವಸು ಎಲ್ಲಿ ಎಂದು ಪೆಟ್ಟಿಗೆ ತಡಕುತ್ತಾ ಕೂತರೆ ಹಿಮನದಿ ನಮಗಾಗಿ ಕಾಯುವುದಿಲ್ಲ. ಇಬ್ಬರಿಗೊಂದು ದುರ್ಬೀನು ಇರಲಿ. ಮನೆಗೆಲ್ಲ ಒಂದೇ ಆದರೆ ಅದು ಮಕ್ಕಳ ಕೈ ಬಿಟ್ಟು ತಾತನ ಕೈಗೆ ಬರುವುದೇ ಇಲ್ಲ.

ಕೊನೆಯ ರಾತ್ರಿ ಮತ್ತೆ ಮೊದಲ ದಿನದ ಲೆಕ್ಕವೇ, ತಿರುವುಮುರುವು. ರಾತ್ರಿ ಹನ್ನೊಂದರ ಸುಮಾರಿಗೆ ಪೆಟ್ಟಿಗೆಗಳನ್ನು ಬಣ್ಣದ ಅಥವಾ ಸಂಖ್ಯೆಯ ಚೀಟಿ ಕಟ್ಟಿ ಕೋಣೆಯ ಹೊರಗಿಡಬೇಕು. ಬೆಳಗಾದರೆ ಅವು ಪಿಯರಿನ ಕಟ್ಟಡದಲ್ಲಿ ಸಾಲಾಗಿ ನಿಂತಿರುತ್ತವೆ. ನಾಳೆ ತೊಡುವ ಪ್ಯಾಂಟು, ಬೂಟನ್ನೂ ಒಳಗೆ ಹಾಕಿ ಕಳಿಸಿದವರನ್ನು ಬೆಳಗಿನ ತಿಂಡಿಗೆ ಬಾತ್‌ರೂಮು ಚಪ್ಪಲಿಯಲ್ಲಿ ಬಂದಾಗ ನೋಡಿದ್ದೇನೆ. ಸಂಜೆಯೇ ಎಲ್ಲರ ಮರುದಿನದ ಬಟ್ಟೆಯನ್ನು ದಿಂಬಿನ ಕೆಳಗೆ ಇಟ್ಟುಬಿಡಿ. ಮಾತ್ರೆ, ಪಾಸ್‌ಪೋರ್ಟು, ಕನ್ನಡಕ, ಚಾರ್ಜರು ಕೈಚೀಲಕ್ಕೆ. ಬೀರುವಿನ ಮೇಲಿನ ಖಾನೆ, ಬಚ್ಚಲ ಬಾಗಿಲ ಹಿಂದೆ, ಗೋಡೆಯ ಕೊಕ್ಕೆ ಒಮ್ಮೆ ನೋಡಿ.

ಮನೆಗೆ ಬಂದ ಮೇಲೆ ಬಟ್ಟೆಯನ್ನು ವಾಷಿಂಗ್ ಮಷಿನ್ನಿಗೆ ಹಾಕುವ ಮೊದಲು ಇನ್ನೊಂದು ಕೆಲಸ ಮಾಡಿ. ಮಡಿಕೆ ಬಿಚ್ಚದೆ ಹಾಗೇ ಉಳಿದದ್ದನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿ, ಏನೇನೆಂದು ಒಂದು ಹಾಳೆಯಲ್ಲಿ ಬರೆಯಿರಿ. ದಾರಿಯಲ್ಲಿ ಇಲ್ಲವಲ್ಲ ಎಂದು ಪರದಾಡಿದ್ದನ್ನು ಅದರ ಕೆಳಗೆ ಬರೆಯಿರಿ. ಅಪ್ಪ ಅಮ್ಮ ಇನ್ನೂ ಊರಿಗೆ ಮರಳಿರದಿದ್ದರೆ ಅವರನ್ನೂ ಕೇಳಿ ಬರೆದುಕೊಳ್ಳಿ, ಅವರಿಗೆ ಕಷ್ಟವಾದದ್ದನ್ನು ಅವರು ತಾವಾಗಿ ಹೇಳುವುದಿಲ್ಲ. ಹಾಳೆಯನ್ನು ಪೆಟ್ಟಿಗೆಯ ಒಳಜೇಬಿನಲ್ಲಿಟ್ಟು ಜಿಪ್ ಎಳೆಯಿರಿ. ಮುಂದಿನ ಬೇಸಿಗೆಯಲ್ಲಿ ನೆರೆಮನೆಯವರು ಹಡಗು ಹತ್ತುವಾಗ ಅವರಿಗೆ ಅದರ ನಕಲೊಂದನ್ನು ಕೊಡಿ.